ಜರ್ಮನಿಯ ಮೊದಲ ವರ್ಷ: ಯಾವ ಆಯ್ಕೆಗೆ ಹಿಂದಿರುಗುವ ದಾರಿಯಿದೆ?

ಕೆಲಸದ ಮೇಲೆ ಜರ್ಮನಿಗೆ ಬರುವ ಕನ್ನಡಿಗರು ಹೊರಡುವ ಮುನ್ನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸಾರ್ವಜನಿಕ ಆರೋಗ್ಯ ವಿಮೆ ಒಳ್ಳೆಯದೋ, ಖಾಸಗಿಯೋ? ಖಾಲಿ ಮನೆಯೋ, ಸಾಮಾನು ಸಹಿತ ಮನೆಯೋ? ಕಾರು ಬೇಕೋ ಬೇಡವೋ? ತೊಗರಿಬೇಳೆ ಹೊತ್ತು ತರಬೇಕೋ, ಅಲ್ಲಿಯೇ ಸಿಗುತ್ತದೋ? ಉತ್ತರ ಹೇಳುವವರಿಗೂ ಕೊರತೆಯಿಲ್ಲ. ತಾನು ಆರಿಸಿಕೊಂಡದ್ದೇ ಸರಿ ಎಂದು ಸಾಧಿಸುವುದು ಮನುಷ್ಯನ ಗುಣವಾದ್ದರಿಂದ ಕೇಳಿದಷ್ಟೂ ಗೊಂದಲ ಹೆಚ್ಚುತ್ತದೆ.

ನನ್ನ ಅಳತೆಗೋಲು ಬೇರೆ. ಒಂದು ಆಯ್ಕೆ ತನಗೆ ಹೊಂದುತ್ತದೋ ಇಲ್ಲವೋ ಎಂಬುದು ಮೊದಲ ತಿಂಗಳಲ್ಲಿ ಯಾರಿಗೂ ತಿಳಿಯುವುದಿಲ್ಲ. ಆದರೆ ಅದು ತಪ್ಪಾದರೆ ಬಿಡಿಸಿಕೊಳ್ಳಲು ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಹಣ ಕೈಬಿಡುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ಜರ್ಮನಿಯಲ್ಲಿ ಪ್ರತಿಯೊಂದಕ್ಕೂ ಕರಾರಿದೆ, ಪ್ರತಿ ಕರಾರಿಗೂ ರದ್ದುಪಡಿಸುವ ಗಡುವಿದೆ. ಬಾಯಿಮಾತಿನಲ್ಲಿ ಬಿಡಿಸಿಕೊಳ್ಳುವ ಅಭ್ಯಾಸವಿರುವ ನಮ್ಮಂಥವರು ಎಡವುವುದು ಅಲ್ಲಿಯೇ.

ಮನೆ

ಮೊದಲ ಮನೆಗೆ ಮೂರು ದಾರಿಗಳಿವೆ: ಕೆಲವು ತಿಂಗಳ ಮಟ್ಟಿಗೆ ಸಾಮಾನು ಸಹಿತ ಮನೆ, ಇತರರೊಂದಿಗೆ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ, ಇಲ್ಲವೇ ಅವಧಿಯ ಮಿತಿಯಿಲ್ಲದ ಕರಾರಿನ ಖಾಲಿ ಮನೆ. ಹಂಚಿಕೊಂಡ ಮನೆಯನ್ನು ಇಲ್ಲಿ 'ವೇಗೇ' ಎನ್ನುತ್ತಾರೆ.

ಮೂರಕ್ಕೂ ಮುನ್ನ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ವಿಳಾಸದಲ್ಲಿ ನೋಂದಣಿ ಸಾಧ್ಯವೇ? ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಇದಕ್ಕೆ 'ಅನ್‌ಮೆಲ್ಡುಂಗ್' ಎಂದು ಹೆಸರು, ಮನೆ ಕೊಟ್ಟವರ ಸಹಿಯಿರುವ ದೃಢೀಕರಣ ಪತ್ರ ಕಡ್ಡಾಯ. ಈ ನೋಂದಣಿಯಾದ ಮೇಲೆಯೇ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ವಾಸದ ಪರವಾನಗಿಯಂಥ ಮುಂದಿನ ಕೆಲಸಗಳಿಗೂ ಅದೇ ಬುನಾದಿ. ಅಲ್ಪಾವಧಿಯ ಮನೆಗಳಲ್ಲಿ ಕೆಲವು ಈ ಪತ್ರ ಕೊಡುವುದಿಲ್ಲ. ಅಂಥ ಮನೆ ಎಷ್ಟೇ ಚೆಂದವಿದ್ದರೂ ಅದನ್ನು ಹೋಟೆಲ್ ಎಂದೇ ಎಣಿಸಿ.

ಸಾಮಾನು ಸಹಿತ ಮನೆಗೆ ಬಾಡಿಗೆ ಹೆಚ್ಚು, ಅನುಮಾನವೇ ಬೇಡ. ಆದರೆ ಆ ಹೆಚ್ಚುವರಿ ಹಣಕ್ಕೆ ನಿಮಗೆ ಸಿಗುವುದು ಸೋಫಾ ಅಲ್ಲ, ಕಾಲಾವಕಾಶ. ಕಚೇರಿಗೆ ಯಾವ ರೈಲು ಹೋಗುತ್ತದೆ, ಯಾವ ಬಡಾವಣೆ ಚಳಿಗಾಲದ ಸಂಜೆ ನಾಲ್ಕೂವರೆಗೇ ಮಂಕಾಗುತ್ತದೆ, ಮಗುವಿಗೆ ಶಿಶುವಿಹಾರ ಎಲ್ಲಿ ಸಿಗಬಹುದು ಎಂಬುದನ್ನು ನೋಡಿ ತಿಳಿಯಲು ಮೂರು ತಿಂಗಳಾದರೂ ಬೇಕು. ಒಂಟಿಯಾಗಿ ಬಂದವರಿಗೆ ವೇಗೇ ಇನ್ನೂ ಅಗ್ಗ, ಜರ್ಮನ್ ಕಿವಿಗೆ ಬೀಳುವುದಕ್ಕೂ ಒಳ್ಳೆಯದು. ಒಗ್ಗರಣೆಯ ವಿಷಯವನ್ನು ಮಾತ್ರ ಮೊದಲೇ ಮಾತಾಡಿಕೊಳ್ಳಿ. ಇಲ್ಲಿನ ಅನೇಕ ಅಡುಗೆಮನೆಗಳ ಹೊಗೆ ಹೀರುವ ಯಂತ್ರ ಗಾಳಿಯನ್ನು ಹೊರಗೆ ಬಿಡುವುದಿಲ್ಲ. ಜಾಲರಿಯಲ್ಲಿ ಸೋಸಿ ಅದೇ ಕೋಣೆಗೆ ಮರಳಿಸುತ್ತದೆ. ಇಂಗು, ಸಾಸಿವೆ, ಬ್ಯಾಡಗಿ ಮೆಣಸಿನಕಾಯಿಗೆ ಆ ಜಾಲರಿ ಯಾವ ಲೆಕ್ಕ.

ಖಾಲಿ ಮನೆ ಎಂದರೆ ನಿಜವಾಗಿಯೂ ಖಾಲಿ. ದೀಪವಿರಬೇಕಾದ ಕಡೆ ಎರಡು ತಂತಿಗಳು ನೇತಾಡುತ್ತಿರುತ್ತವೆ. ಅಡುಗೆಮನೆಯಲ್ಲಿ ನೀರಿನ ಕೊಳವೆಯ ಬಾಯಿ ಮಾತ್ರ ಇರುವುದೂ ಉಂಟು: ಕಟ್ಟೆಯಿಲ್ಲ, ಸಿಂಕ್ ಇಲ್ಲ, ಒಲೆಯಿಲ್ಲ. ಹಿಂದಿನ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ಮಾರಿ ಹೋಗುತ್ತಾರೆ ಇಲ್ಲವೇ ಬಿಚ್ಚಿಕೊಂಡು ಹೋಗುತ್ತಾರೆ. ಮಾರುವುದಾದರೆ ಕೊಳ್ಳುವುದೇ ಜಾಣತನ. ಹೊಸದನ್ನು ತರಿಸಿ ಜೋಡಿಸುವವರೆಗೆ ವಾರಗಟ್ಟಲೆ ಬ್ರೆಡ್ಡೇ ಗತಿಯಾದೀತು. ಮುಂಗಡ ಠೇವಣಿಗೆ ಕಾನೂನಿನ ಮಿತಿಯಿದೆ: ಇತರ ಖರ್ಚುಗಳನ್ನು ಸೇರಿಸದ ಬಾಡಿಗೆಯ ಮೂರು ತಿಂಗಳ ಮೊತ್ತ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗಿದೆ. ಹತ್ತು ತಿಂಗಳ ಮುಂಗಡ ಕೊಟ್ಟು ಅಭ್ಯಾಸವಿರುವ ಬೆಂಗಳೂರಿನವರಿಗೆ ಇದು ಸಣ್ಣ ಸಮಾಧಾನ. ಬಿಡಬೇಕೆಂದರೆ ಮೂರು ತಿಂಗಳ ನೋಟಿಸ್, ಅದೂ ಲಿಖಿತವಾಗಿ. ಕರಾರಿನಲ್ಲಿ ಮೊದಲ ಒಂದೆರಡು ವರ್ಷ ಬಿಡುವಂತಿಲ್ಲ ಎಂಬ ಷರತ್ತು ಇದೆಯೇ ಎಂದೂ ಓದಿ ನೋಡಿ.

ಜಾಹೀರಾತಿನಲ್ಲಿ 'ಕಾಲ್ಟ್‌ಮೀಟೆ' ಎಂದಿದ್ದರೆ ಬರಿಯ ಬಾಡಿಗೆ; 'ವಾರ್ಮ್‌ಮೀಟೆ' ಎಂದಿದ್ದರೆ ಸಾಮಾನ್ಯವಾಗಿ ಕಾವು, ನೀರು, ಕಸ ವಿಲೇವಾರಿ ಇತ್ಯಾದಿ ಸೇರಿದ ಮೊತ್ತ. ವಿದ್ಯುತ್ ಹೆಚ್ಚಾಗಿ ಎರಡರಲ್ಲೂ ಇರುವುದಿಲ್ಲ. ಆ 'ಇತ್ಯಾದಿ' ಅಂದಾಜು ಮಾತ್ರ, ಅಂತಿಮ ಲೆಕ್ಕ ವರ್ಷಕ್ಕೊಮ್ಮೆ ಬರುತ್ತದೆ. ನನ್ನ ಮೊದಲ ಚಳಿಗಾಲದಲ್ಲಿ ಹೀಟರಿನ ಗುಂಡಿಯನ್ನು ಅತಿ ಹೆಚ್ಚಿನ ಐದಕ್ಕೆ ತಿರುಗಿಸಿ, ಕಿಟಕಿಯನ್ನು ಓರೆ ತೆರೆದಿಟ್ಟು ಮಲಗುತ್ತಿದ್ದೆ. ಲೆಕ್ಕ ಬಂದಾಗ ಅರ್ಧ ತಿಂಗಳ ಬಾಡಿಗೆಯಷ್ಟು ಬಾಕಿ ಕಟ್ಟಬೇಕಾಯಿತು. ಹಳೆಯ ಎತ್ತರದ ಚಾವಣಿಯ ಮನೆಗೂ ಹೊಸ ಕಟ್ಟಡಕ್ಕೂ ನಡುವೆ ಆರಿಸುವಾಗ ನೆನಪಿಡಬೇಕಾದದ್ದು ಇದು: ಚಾವಣಿಯ ಎತ್ತರವನ್ನು ಬೆಚ್ಚಗಿಡುವ ಖರ್ಚೂ ನಿಮ್ಮದೇ.

ಮನೆ ನೋಡುವ ಮೊದಲೇ ಹಣ ಕಳಿಸಿ ಎನ್ನುವವರು ಮೋಸಗಾರರು. ಇಲ್ಲಿ ಎರಡನೆಯ ಆಲೋಚನೆಯೇ ಬೇಡ.

ನನ್ನ ತೀರ್ಮಾನ: ಕುಟುಂಬವಿದ್ದರೆ ನೋಂದಣಿ ಕೊಡುವ ಸಾಮಾನು ಸಹಿತ ಮನೆಯಲ್ಲಿ ಮೂರರಿಂದ ಆರು ತಿಂಗಳು, ಒಂಟಿಯಾಗಿದ್ದರೆ ವೇಗೇ. ಮೂರು ತಿಂಗಳ ಸಂಬಳದ ಚೀಟಿ ಕೈಗೆ ಬಂದ ಮೇಲೆ ಖಾಲಿ ಮನೆಗೆ ಅರ್ಜಿ ಹಾಕಿ. ಮಾಲೀಕರು ಹೇಗೂ ಅದನ್ನೂ 'ಶೂಫಾ' ಎಂಬ ಸಾಲದ ಚರಿತ್ರೆಯ ಪತ್ರವನ್ನೂ ಕೇಳುತ್ತಾರೆ.

ಆರೋಗ್ಯ ವಿಮೆ

ಅತ್ಯಂತ ಎಚ್ಚರ ಬೇಕಾದ ಆಯ್ಕೆ ಇದು. ಹೊಸಬರು ಅತಿ ಕಡಿಮೆ ಸಮಯ ಕೊಡುವುದೂ ಇದಕ್ಕೇ, ಏಕೆಂದರೆ ಸಂಬಳ ಶುರುವಾಗುವ ಮುನ್ನ ಕಂಪನಿಗೆ ವಿಮೆಯ ವಿವರ ಕೊಡಬೇಕಿರುತ್ತದೆ.

ಉದ್ಯೋಗಿಯ ವಾರ್ಷಿಕ ಸಂಬಳ ಒಂದು ಮಿತಿಯನ್ನು ದಾಟದಿದ್ದರೆ ಸಾರ್ವಜನಿಕ ವಿಮೆಯೇ ಕಡ್ಡಾಯ. 2026ಕ್ಕೆ ಆ ಮಿತಿ 77,400 ಯೂರೊ. ದಾಟಿದವರಿಗೆ ಮಾತ್ರ ಖಾಸಗಿ ವಿಮೆಯ ಬಾಗಿಲು ತೆರೆಯುತ್ತದೆ. ಸಾರ್ವಜನಿಕ ವಿಮೆಯ ಕಂತು ಸಂಬಳದ 14.6 ಶೇಕಡಾ, ಅದರ ಮೇಲೆ ಆಯಾ ವಿಮಾ ಸಂಸ್ಥೆಯ ಹೆಚ್ಚುವರಿ ಪಾಲು. ಇದರ ಅರ್ಧವನ್ನು ಕಂಪನಿ ಕಟ್ಟುತ್ತದೆ. 2026ರಲ್ಲಿ ವರ್ಷಕ್ಕೆ 69,750 ಯೂರೊಗಿಂತ ಹೆಚ್ಚಿನ ಸಂಬಳದ ಮೇಲೆ ಕಂತು ಏರುವುದಿಲ್ಲ. ಸಂಪಾದನೆಯಿಲ್ಲದ ಸಂಗಾತಿಗೂ ಮಕ್ಕಳಿಗೂ ಇದೇ ಕಂತಿನಲ್ಲಿ ರಕ್ಷಣೆ ಸಿಗುತ್ತದೆ.

ಖಾಸಗಿ ವಿಮೆ ಸಂಬಳ ನೋಡುವುದಿಲ್ಲ; ವಯಸ್ಸು, ಆರೋಗ್ಯ, ಬೇಕಾದ ಸೌಲಭ್ಯ ನೋಡುತ್ತದೆ. ಮೂವತ್ತರ ಹರೆಯದ, ಕಾಯಿಲೆಯಿಲ್ಲದ, ಒಂಟಿ ಎಂಜಿನಿಯರನಿಗೆ ಅಗ್ಗವಾಗಿ ಕಾಣುತ್ತದೆ. ತಜ್ಞ ವೈದ್ಯರ ಭೇಟಿಯೂ ಬೇಗ ಸಿಗುತ್ತದೆ. ಚರ್ಮದ ವೈದ್ಯರಿಗೆ ಸಾರ್ವಜನಿಕ ವಿಮೆಯವನು ತಿಂಗಳುಗಟ್ಟಲೆ ಕಾಯುವಾಗ ಖಾಸಗಿಯವನು ಅದೇ ವಾರ ಹೋಗಿ ಬರುವುದುಂಟು. ಇದನ್ನು ಅನ್ಯಾಯವೆಂದು ಜರ್ಮನರೇ ಗೊಣಗುತ್ತಾರೆ. ಆದರೆ ಬಿಲ್ಲನ್ನು ಸಾಮಾನ್ಯವಾಗಿ ನೀವು ಮೊದಲು ಕಟ್ಟಿ ಆಮೇಲೆ ಹಿಂಪಡೆಯಬೇಕು. ಮದುವೆಯಾಗಿ ಸಂಗಾತಿ ಬಂದರೆ ಅವರಿಗೆ ಒಂದು ಕಂತು, ಮಗು ಹುಟ್ಟಿದರೆ ಅದಕ್ಕೊಂದು.

ಈಗ ಹಿಂದಿರುಗುವ ದಾರಿ ನೋಡಿ. ಸಾರ್ವಜನಿಕದಿಂದ ಖಾಸಗಿಗೆ, ಸಂಬಳವಿದ್ದರೆ, ಮುಂದೆಯೂ ಹೋಗಬಹುದು. ಖಾಸಗಿಯಿಂದ ಸಾರ್ವಜನಿಕಕ್ಕೆ ಮರಳಲು ಸಂಬಳ ಮಿತಿಗಿಂತ ಕೆಳಗಿಳಿಯುವಂಥ ಬದಲಾವಣೆಯೇ ಆಗಬೇಕು. ಐವತ್ತೈದು ದಾಟಿದ ಮೇಲೆ ಆ ದಾರಿ ಬಹುತೇಕ ಮುಚ್ಚಿಹೋಗುತ್ತದೆ. ಎರಡು ಮೂರು ವರ್ಷವಿದ್ದು ಬೆಂಗಳೂರಿಗೆ ಮರಳುವುದು ಖಚಿತ, ಕುಟುಂಬ ಬರುವುದಿಲ್ಲ ಎಂಬವರಿಗೆ ಖಾಸಗಿ ವಿಮೆ ಹೊಂದಬಹುದು. ಆದರೆ ಹಾಗೆ ಹೇಳಿಕೊಂಡು ಬಂದು ಹತ್ತು ವರ್ಷ ಉಳಿದವರನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ. ಉಳಿದವರೆಲ್ಲ ಸಾರ್ವಜನಿಕ ವಿಮೆಯನ್ನೇ ಹಿಡಿಯಿರಿ. ಆ ಸಂಸ್ಥೆಗಳ ನಡುವೆ ಆರಿಸುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ: ಮುಖ್ಯ ಸೌಲಭ್ಯಗಳನ್ನು ಕಾನೂನೇ ನಿಗದಿಪಡಿಸಿದೆ. ಹೆಚ್ಚುವರಿ ಪಾಲು ಎಷ್ಟು, ಇಂಗ್ಲಿಷಿನಲ್ಲಿ ಫೋನ್ ಎತ್ತುತ್ತಾರೆಯೇ ಎಂದು ನೋಡಿದರೆ ಸಾಕು. ಹನ್ನೆರಡು ತಿಂಗಳಾದ ಮೇಲೆ ಬದಲಿಸಬಹುದು.

ಮನೆ ವೈದ್ಯರನ್ನು ಆರೋಗ್ಯವಾಗಿರುವಾಗಲೇ ಹುಡುಕಿಟ್ಟುಕೊಳ್ಳಿ. ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ಫಲಕ ಜ್ವರ ಬಂದ ದಿನವೇ ಕಣ್ಣಿಗೆ ಬೀಳುವುದು ವಾಡಿಕೆ. ರಾತ್ರಿ, ರಜೆಯ ದಿನ ವೈದ್ಯರು ಬೇಕಾದರೆ 116117. ಜೀವಕ್ಕೆ ಅಪಾಯವಿದ್ದರೆ 112.

ಓಡಾಟ

'ಡಾಯ್ಚ್‌ಲಾಂಡ್ ಟಿಕೆಟ್' 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾಯಿತು. 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಊರಿನ ಬಸ್, ಟ್ರಾಮ್, ಮೆಟ್ರೊ, ಲೋಕಲ್ ರೈಲು, ದೇಶದ ಎಲ್ಲ ಪ್ರಾದೇಶಿಕ ರೈಲುಗಳಿಗೆ ಅದೊಂದೇ ಸಾಕು. ದೂರದ ವೇಗದ ಐಸಿಇ, ಐಸಿ ರೈಲುಗಳಿಗೆ ನಡೆಯುವುದಿಲ್ಲ. ಚಂದಾ ಪದ್ಧತಿಯಾದರೂ ತಿಂಗಳ ಹತ್ತನೆಯ ತಾರೀಖಿನೊಳಗೆ ತಿಳಿಸಿದರೆ ಆ ತಿಂಗಳ ಕೊನೆಗೆ ನಿಲ್ಲುತ್ತದೆ. ನನ್ನ ಅಳತೆಗೋಲಿನಲ್ಲಿ ಇದಕ್ಕೆ ಪೂರ್ತಿ ಅಂಕ.

'ಬಾನ್‌ಕಾರ್ಡ್' ಬೇರೆಯೇ ವಸ್ತು. ಅದು ಟಿಕೆಟ್ ಅಲ್ಲ, ವರ್ಷವಿಡೀ ಟಿಕೆಟ್ಟಿನ ಮೇಲೆ ರಿಯಾಯಿತಿ ಕೊಡುವ ಕಾರ್ಡು. 'ಬಾನ್‌ಕಾರ್ಡ್ 25' ಎಂದರೆ ಕಾಲು ಭಾಗ ಕಡಿತ. ತಿಂಗಳಿಗೊಮ್ಮೆ ಮ್ಯೂನಿಕ್‌ನಿಂದ ಬರ್ಲಿನ್‌ಗೆ ಗೆಳೆಯರ ಮನೆಗೆ ಹೋಗುವವರಿಗೆ ಲಾಭ. ಆದರೆ ರದ್ದುಪಡಿಸದಿದ್ದರೆ ತಾನಾಗಿಯೇ ಮುಂದಿನ ವರ್ಷಕ್ಕೂ ಮುಂದುವರಿಯುತ್ತದೆ; ಕೊಂಡ ದಿನವೇ ಮೊಬೈಲಿನಲ್ಲಿ ನೆನಪಿನ ಗಂಟೆ ಇಟ್ಟುಬಿಡಿ.

ಕಾರಿನ ಪ್ರಶ್ನೆಗೆ ಒಂದು ಗಡುವು ಅಂಟಿಕೊಂಡಿದೆ. ಭಾರತದ ಚಾಲನಾ ಪರವಾನಗಿ ಇಲ್ಲಿ ನೆಲೆಸಿದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆ, ಚಾಲನಾ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಲಿಖಿತ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಹದಿನೈದು ವರ್ಷ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾರು ಓಡಿಸಿದ್ದೇನೆ ಎಂಬ ಹಮ್ಮು ಇಲ್ಲಿ ಕೆಲಸಕ್ಕೆ ಬಾರದು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕು. ಅದನ್ನು ಮರೆತರೆ ಪರೀಕ್ಷೆ ಅಲ್ಲಿಗೇ ಮುಗಿಯಬಹುದು. ದೊಡ್ಡ ನಗರದಲ್ಲಿದ್ದರೆ ಮೊದಲ ವರ್ಷ ಕಾರು ಬೇಡ, ಹಳೆಯ ಸೈಕಲ್ಲೊಂದು ಇರಲಿ. ಹಳ್ಳಿಯ ಕಡೆ, ಗಂಟೆಗೊಂದು ಬಸ್ಸಿರುವ ಊರಿನಲ್ಲಿ ಕೆಲಸ ಸಿಕ್ಕಿದ್ದರೆ ಬಂದ ತಿಂಗಳೇ ಡ್ರೈವಿಂಗ್ ಶಾಲೆಗೆ ಹೆಸರು ಬರೆಸಿ, ಏಕೆಂದರೆ ಪರೀಕ್ಷೆಯ ದಿನಾಂಕಕ್ಕೂ ಕಾಯಬೇಕು.

ಕೆಲವು ಸಣ್ಣ ಕರಾರುಗಳು

ಮೊಬೈಲ್: ಪ್ರಿಪೇಯ್ಡ್. ಎರಡು ವರ್ಷದ ಕರಾರಿನೊಂದಿಗೆ ಬರುವ ಹೊಸ ಫೋನಿನ ಆಸೆಯನ್ನು ಒಂದು ವರ್ಷ ತಡೆದುಕೊಳ್ಳಿ.

ಬ್ಯಾಂಕು: ಮೊಬೈಲಿನಲ್ಲೇ ನಡೆಯುವ ಬ್ಯಾಂಕಿನಲ್ಲಿ ಖಾತೆ ಬೇಗ ತೆರೆಯುತ್ತದೆ, ಇಂಗ್ಲಿಷೂ ಇರುತ್ತದೆ. ಊರಿನ ಷ್ಪಾರ್ಕಾಸ್ಸೆಯಂಥ ಬ್ಯಾಂಕಿನಲ್ಲಿ ತಿಂಗಳ ಶುಲ್ಕವಿದ್ದರೂ ಎದುರಿಗೆ ಮನುಷ್ಯರಿರುತ್ತಾರೆ. ಮೊದಲು ಮೊಬೈಲ್ ಬ್ಯಾಂಕು, ಬೇಕೆನಿಸಿದರೆ ಆಮೇಲೆ ಊರಿನದು. ಕಿಸೆಯಲ್ಲಿ ನಗದು ಇರಲಿ, ಇಂದಿಗೂ ಕಾರ್ಡು ಒಪ್ಪದ ಬೇಕರಿಗಳಿವೆ.

ವಿದ್ಯುತ್: ಏನೂ ಮಾಡದೆ ಸ್ವಿಚ್ ಒತ್ತಿದರೂ ದೀಪ ಹತ್ತುತ್ತದೆ, ಏಕೆಂದರೆ ಆ ಪ್ರದೇಶದ ಮೂಲ ಸರಬರಾಜುದಾರರ ಗ್ರಾಹಕರಾಗಿ ನೀವು ತಾನಾಗಿಯೇ ಸೇರಿರುತ್ತೀರಿ. ಅದರ ದರ ಸಾಮಾನ್ಯವಾಗಿ ದುಬಾರಿ, ಆದರೆ ಎರಡು ವಾರದ ನೋಟಿಸಿನಲ್ಲಿ ಬಿಡಬಹುದು. ಮನೆ ಸ್ಥಿರವಾದ ಮೇಲೆ ದರ ಹೋಲಿಸಿ ಬದಲಿಸಿ.

ನಿಮ್ಮಿಂದ ಬೇರೆಯವರಿಗಾದ ನಷ್ಟವನ್ನು ತುಂಬಿಕೊಡುವ ಹೊಣೆಗಾರಿಕೆ ವಿಮೆ ಕಡ್ಡಾಯವಲ್ಲ, ಆದರೂ ತೆಗೆದುಕೊಳ್ಳಿ. ಕಟ್ಟಡದ ಕೀಲಿ ಕಳೆದರೆ ಎಲ್ಲ ಮನೆಗಳ ಬೀಗ ಬದಲಿಸುವ ಖರ್ಚು ನಿಮ್ಮ ತಲೆಗೆ ಬರಬಹುದು. ಕಳೆದ ಕೀಲಿಯೂ ಸೇರಿರುವ ವಿಮೆಯನ್ನೇ ಕೇಳಿ ಪಡೆಯಿರಿ. ಟಿವಿ ಇಲ್ಲದಿದ್ದರೂ ಪ್ರತಿ ಮನೆಯೂ ಕಟ್ಟಬೇಕಾದ ಪ್ರಸಾರ ಶುಲ್ಕ ತಿಂಗಳಿಗೆ 18.36 ಯೂರೊ. ಇದರಲ್ಲಿ ಆಯ್ಕೆಯಿಲ್ಲ, ಹಾಗಾಗಿ ಹೋಲಿಕೆಯೂ ಇಲ್ಲ.

ಗಂಡ ಹೆಂಡತಿ ಇಬ್ಬರೂ ಇಲ್ಲಿದ್ದರೆ, ತಿಂಗಳ ಸಂಬಳದಿಂದ ಎಷ್ಟು ತೆರಿಗೆ ಮುರಿಯಬೇಕೆಂಬುದನ್ನು ನಿರ್ಧರಿಸುವ ತೆರಿಗೆ ವರ್ಗದ ಪ್ರಶ್ನೆ ಬರುತ್ತದೆ: ಮೂರು ಮತ್ತು ಐದೋ, ಇಬ್ಬರಿಗೂ ನಾಲ್ಕೋ? ಒಬ್ಬರ ಸಂಪಾದನೆ ಬಹಳ ಹೆಚ್ಚಿದ್ದರೆ ಮೊದಲನೆಯದರಲ್ಲಿ ತಿಂಗಳ ಕೈಸಂಬಳ ಜಾಸ್ತಿ. ಇಬ್ಬರೂ ಜಂಟಿಯಾಗಿ ವಾರ್ಷಿಕ ಲೆಕ್ಕ ಸಲ್ಲಿಸಿದಾಗ ಒಟ್ಟು ತೆರಿಗೆ ಎರಡರಲ್ಲೂ ಅಷ್ಟೇ. ವ್ಯತ್ಯಾಸವಾಗುವುದು ಹೆರಿಗೆಯ ನಂತರದ ಪೋಷಕರ ಭತ್ಯೆಯಲ್ಲಿ. ಅದನ್ನು ಹಿಂದಿನ ಕೈಸಂಬಳದ ಮೇಲೆ ಲೆಕ್ಕ ಹಾಕುವುದರಿಂದ, ಮಗುವಿನ ಯೋಚನೆಯಿದ್ದರೆ ರಜೆ ಹಾಕುವವರನ್ನು ಹೆಚ್ಚು ತೆರಿಗೆ ಮುರಿಯುವ ಐದನೆಯ ವರ್ಗಕ್ಕೆ ತಳ್ಳಬೇಡಿ.

ಭಾಷೆ

ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತು ಬರುವುದೋ, ಇಲ್ಲಿಗೆ ಬಂದು ಊರಿನ 'ಫೋಲ್ಕ್ಸ್‌ಹೋಖ್‌ಷೂಲೆ'ಯಲ್ಲಿ ಕಲಿಯುವುದೋ? ಎರಡನೆಯದು ಅಗ್ಗ, ವಯಸ್ಕರಿಗಾಗಿ ಊರೂರಲ್ಲಿರುವ ಸಾರ್ವಜನಿಕ ಶಾಲೆಗಳವು, ಸಂಜೆಯ ತರಗತಿಗಳೂ ಇವೆ. ಆದರೆ ಬಂದ ಮೊದಲ ಆರು ತಿಂಗಳು ಮನೆ, ಕಾಗದಪತ್ರ, ಹೊಸ ಕೆಲಸಗಳಲ್ಲೇ ಕಳೆಯುತ್ತದೆ, ಪಾಠಕ್ಕೆ ತಲೆಯಿರುವುದಿಲ್ಲ. ಕನಿಷ್ಠ ಎ1 ಎಂಬ ಮೊದಲ ಹಂತವನ್ನು ಊರಲ್ಲಿಯೇ ಮುಗಿಸಿ ಬನ್ನಿ ಎನ್ನುತ್ತೇನೆ. ನುರಿತ ಉದ್ಯೋಗಿಗಳಿಗೆ ಕೊಡುವ 'ಬ್ಲೂ ಕಾರ್ಡ್' ಎಂಬ ವಾಸದ ಪರವಾನಗಿ ಇರುವವರ ಸಂಗಾತಿಗೆ ವೀಸಾಕ್ಕಾಗಿ ಜರ್ಮನ್ ಪ್ರಮಾಣಪತ್ರ ಬೇಕಿಲ್ಲ, ನಿಜ. ಹಾಗೆಂದು ಬಿಟ್ಟವರೇ ಹಗಲೆಲ್ಲ ಮನೆಯಲ್ಲಿದ್ದು ಅಂಚೆಯವನಿಗೆ ಉತ್ತರಿಸಲು ತಡವರಿಸುತ್ತಾರೆ.

ಭಾಷೆಗೆ ಅಳೆಯಬಹುದಾದ ಲಾಭವೂ ಇದೆ. ಬ್ಲೂ ಕಾರ್ಡ್ ಇರುವವರಿಗೆ ಎ1 ಇದ್ದರೆ 27 ತಿಂಗಳಿಗೆ, ಮಧ್ಯಮ ಹಂತವಾದ ಬಿ1 ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಸಿಗುತ್ತದೆ. ಕನ್ನಡಿಗರಿಗೆ ಒಂದು ಅನುಕೂಲ: 'ಡು', 'ಜೀ' ವ್ಯತ್ಯಾಸವನ್ನು ಇಂಗ್ಲಿಷ್ ಮಾತ್ರ ಬಲ್ಲವರಿಗೆ ಗಂಟೆಗಟ್ಟಲೆ ವಿವರಿಸಬೇಕು, ನೀನು, ನೀವು ಎಂದು ಬೆಳೆದ ನಮಗೆ ಅದು ತಾನಾಗಿ ಬರುತ್ತದೆ.

ಅಡುಗೆಮನೆ ಮತ್ತು ಸೂಟ್‌ಕೇಸು

ದಿನಸಿಗೆ ನಾಲ್ಕು ಬಗೆಯ ಅಂಗಡಿಗಳು. ಆಲ್ಡಿ, ಲೀಡ್ಲ್ ಅಗ್ಗ: ಹಾಲು, ಮೊಸರು, ಈರುಳ್ಳಿ, ಆಲೂಗಡ್ಡೆ, ಎಣ್ಣೆಗೆ ಬೇರೆಲ್ಲೂ ಹೋಗಬೇಕಿಲ್ಲ. ರೇವೆ, ಏಡೆಕಾಗಳಲ್ಲಿ ಆಯ್ಕೆ ಹೆಚ್ಚು, ಬೆಲೆಯೂ ಸ್ವಲ್ಪ ಹೆಚ್ಚು. ಸೋನಾ ಮಸೂರಿ, ತೊಗರಿಬೇಳೆ, ಉದ್ದಿನಬೇಳೆ, ರಾಗಿಹಿಟ್ಟಿಗೆ ಭಾರತೀಯ ಅಂಗಡಿಯೇ ಆಗಬೇಕು. ಆದರೆ ನನ್ನ ಮತ ನಾಲ್ಕನೆಯದಕ್ಕೆ, ತುರ್ಕಿ ಅಂಗಡಿಗೆ. ಕೊತ್ತಂಬರಿ, ಪುದೀನ ಕಟ್ಟುಗಟ್ಟಲೆ ಸಿಗುತ್ತವೆ, ಬೆಂಡೆಕಾಯಿ, ಹಸಿಮೆಣಸು, ಬಕೆಟ್ಟಿನಲ್ಲಿ ಗಟ್ಟಿ ಮೊಸರು, ಕಡಲೆಕಾಳು ಎಲ್ಲ ಇರುತ್ತವೆ. ಉಪ್ಪಿಟ್ಟಿಗೆ 'ಗ್ರೀಸ್' ಎಂಬ ರವೆ ಎಲ್ಲ ಅಂಗಡಿಗಳಲ್ಲೂ ಉಂಟು. 'ವೈಖ್‌ವೈಟ್ಸನ್' ಎಂದಿರುವುದು ಬೇಗ ಮುದ್ದೆಯಾಗುತ್ತದೆ. 'ಹಾರ್ಟ್‌ವೈಟ್ಸನ್' ಉದುರುದುರಾಗಿ ಬರುತ್ತದೆ ಎಂಬುದು ನನ್ನ ಅನುಭವ. ಒಣ ತೆಂಗಿನ ತುರಿಯಲ್ಲಿ ಚಟ್ನಿ ಮಾಡುವ ಪ್ರಯತ್ನ ಬೇಡ, ಏಷ್ಯಾ ಅಂಗಡಿಗಳ ಫ್ರೀಜರಿನಲ್ಲಿರುವ ಹಸಿ ತುರಿ ಹುಡುಕಿ.

ಏನು ಹೊತ್ತು ತರಬೇಕು? ತುಪ್ಪವನ್ನು ತರುವಂತಿಲ್ಲ: ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥಗಳನ್ನು ತರುವುದು ನಿಷಿದ್ಧ. ಕೊರಗಬೇಡಿ, 'ಬುಟರ್‌ಷ್ಮಾಲ್ಟ್ಸ್' ಎಂಬ ಹೆಸರಿನಲ್ಲಿ ಕಾಯಿಸಿದ ಬೆಣ್ಣೆ ಇಲ್ಲಿಯೇ ಸಿಗುತ್ತದೆ. ಮೈಸೂರು ಪಾಕಿಗೂ ಆದೀತು. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಆದ್ದರಿಂದ ಒಣಗಿಸಿದ ಎಲೆಯೋ, ಎಲೆ ಹಾಕಿದ ಚಟ್ನಿಪುಡಿಯೋ ಇರಲಿ. ಸಾರಿನಪುಡಿ, ಚಿಕೋರಿ ಬೆರೆತ ಕಾಫಿಪುಡಿ, ಫಿಲ್ಟರ್ ತನ್ನಿ. ಬೇಳೆಕಾಳು ತಂದು ತೂಕ ವ್ಯರ್ಥ ಮಾಡಬೇಡಿ.

ಮಿಕ್ಸಿ ತರಬಹುದು. ವೋಲ್ಟೇಜು ಇಲ್ಲಿಯೂ 230, ಪ್ಲಗ್ಗಿಗೆ ಮಾತ್ರ ಗಟ್ಟಿಯಾದ ಅಡಾಪ್ಟರ್ ಬೇಕು. ಟೇಬಲ್ ಟಾಪ್ ಗ್ರೈಂಡರಿನ ಬಗ್ಗೆ ನಮ್ಮ ಮನೆಯಲ್ಲೇ ಎರಡು ಪಕ್ಷಗಳಿದ್ದವು. ತರುವ ಪಕ್ಷ ಗೆದ್ದಿತು, ಇಂದಿಗೂ ಪಶ್ಚಾತ್ತಾಪವಿಲ್ಲ. ಹಿಟ್ಟು ಹುದುಗಲು ಓವನ್ನನ್ನು ಬಿಸಿ ಮಾಡದೆ, ಒಳಗಿನ ದೀಪವನ್ನಷ್ಟೇ ಹಚ್ಚಿ ಪಾತ್ರೆಯನ್ನು ಅದರೊಳಗೆ ರಾತ್ರಿಯಿಡೀ ಇಟ್ಟರೆ ಜನವರಿಯಲ್ಲೂ ಉಬ್ಬುತ್ತದೆ. ರುಬ್ಬುವ ಹೊತ್ತಿನದೇ ತೊಡಕು. ರಾತ್ರಿ ಹತ್ತರ ನಂತರ ಸದ್ದು ಮಾಡುವಂತಿಲ್ಲ, ಭಾನುವಾರವಿಡೀ ಮೌನದ ದಿನ, ಅಂಗಡಿಗಳೂ ಮುಚ್ಚಿರುತ್ತವೆ. ಹಾಗಾಗಿ ಭಾನುವಾರದ ದೋಸೆಗೆ ಶನಿವಾರ ಬೆಳಿಗ್ಗೆಯೇ ಅಕ್ಕಿ ನೆನೆಹಾಕಿ, ಸಂಜೆ ಏಳರೊಳಗೆ ರುಬ್ಬಿ ಮುಗಿಸುತ್ತೇವೆ. ಗ್ರೈಂಡರಿನ ಅಡಿಗೆ ಮಡಚಿದ ಯೋಗದ ಚಾಪೆ ಹಾಸುತ್ತೇವೆ. ಕೆಳಗಿನ ಮನೆಯ ಅಜ್ಜಿ ಈವರೆಗೆ ಮೇಲೆ ಬಂದಿಲ್ಲ.